ಅಡಿಕೆ ದಬ್ಬೆಯ ಡೆಕ್ಕು

ಮುಳುಗಿದ್ದು ಒಂದು ದೋಣಿ. ಅದೂ ಸೊಂಟಮಟ್ಟದ ನೀರಿನಲ್ಲಿ, ಹಾಡಹಗಲಿನಲ್ಲಿ. ಆದರೆ ವಿಘ್ನೇಶ್ವರ ಹೆಗಡೆಯವರು ಯಲ್ಲಾಪುರದ ಠಾಣೆಗೆ ಹೋಗಿ ಬಂದ ಮೇಲೆ ಅದು ನೌಕೆಯಾಯಿತು, ಮುಳುಗಿಸಿದ ಮನೋಹರ ಹಡಗು ಧ್ವಂಸ ಮಾಡಿದ ಪಾತಕಿಯಾದ. ಇಡಗುಂದಿಯ ಆಚೆಗಿನ ಹಿನ್ನೀರಿನಲ್ಲಿ ಹಡಗು ಬಂದದ್ದನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ, ಮೀನುಗಳ ಸಹಿತ.

ಮನೋಹರನ ಹೆಂಡತಿ ರೋಹಿಣಿಗೆ ಇದೆಲ್ಲ ನಗೆಯಾಗಿ ಕಾಣುತ್ತಿತ್ತು, ವಕೀಲೆ ಸಂಹಿತಾ ಸೆಕ್ಷನ್ ಓದಿ ಹೇಳುವವರೆಗೆ. ಸಾಮಾನ್ಯ ದೋಣಿ ಹಾಳು ಮಾಡಿದರೆ ಸಣ್ಣ ಶಿಕ್ಷೆ, ಇಬ್ಬರೂ ಒಪ್ಪಿದರೆ ರಾಜಿಯೂ ಆಗಬಹುದು. ಡೆಕ್ಕು ಇರುವ ನೌಕೆಯನ್ನೋ ಇಪ್ಪತ್ತು ಟನ್ ಹೊರುವ ನೌಕೆಯನ್ನೋ ಹಾಳು ಮಾಡಿದರೆ ಹತ್ತು ವರ್ಷದವರೆಗೆ ಜೈಲು, ರಾಜಿಯ ಮಾತೇ ಇಲ್ಲ. ರೋಹಿಣಿಯ ನಗೆ ಅಲ್ಲಿಗೇ ಇಂಗಿತು.

ಹೆಗಡೆಯವರ ದೋಣಿಗೆ ಡೆಕ್ಕು ಇತ್ತೇ? ಇತ್ತು, ಅವರ ಪ್ರಕಾರ. ಕರಾವಳಿಯಲ್ಲಿ ಯಾರೋ ಬಿಸಾಡಿದ ಮೀನಿನ ದೋಣಿಯನ್ನು ಲಾರಿಯಲ್ಲಿ ಘಟ್ಟ ಹತ್ತಿಸಿ, ಮೇಲೆ ಅಡಿಕೆ ಮರ ಸೀಳಿದ ದಬ್ಬೆ ಹಾಸಿ, ಪ್ರವಾಸಿಗರನ್ನು ಕೂರಿಸಲು ಪ್ಲಾಸ್ಟಿಕ್ ಕುರ್ಚಿ ಇಟ್ಟಿದ್ದರು. ಅಂಗಳದಲ್ಲಿ ಅಡಿಕೆ ಒಣಗಿಸುವ ಅಟ್ಟಕ್ಕೂ ಅದಕ್ಕೂ ಇದ್ದ ವ್ಯತ್ಯಾಸ ಎಂದರೆ ಅಟ್ಟ ಗಟ್ಟಿಯಾಗಿರುತ್ತದೆ. ಅಷ್ಟಕ್ಕೇ ತೃಪ್ತಿಯಾಗದೆ, ಊರವರನ್ನು ತಲೆಮಾರುಗಳಿಂದ ದಾಟಿಸುತ್ತಿದ್ದ ಮನೋಹರನ ಮನೆಯ ಪಾತಿದೋಣಿಗೆ ಸರಪಳಿ ಹಾಕಿ ಬೀಗ ಜಡಿದರು. ಇನ್ನು ಮುಂದೆ ದಾಟುವವರೆಲ್ಲ ತಮ್ಮ ನೌಕೆಯಲ್ಲೇ ದಾಟಬೇಕಂತೆ. ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವವರುಂಟು. ಇವರು ದಾಟುವ ಮೊದಲೇ ಮರೆತರು. ಮನೋಹರ ಹೋಗಿ ಕೇಳಿದ, ಬೈಸಿಕೊಂಡ, ಮರುದಿನ ನೌಕೆಯ ತಳದ ಬಿರಡೆ ಕಿತ್ತು ದಡದಲ್ಲಿ ಕೂತು ಬೀಡಿ ಹಚ್ಚಿದ. ಮಾಡಿದ್ದು ತಪ್ಪೇ. ಆದರೆ ಉಗುರಲ್ಲಿ ಹೋಗುವುದಕ್ಕೆ ಹೆಗಡೆಯವರು ಕೊಡಲಿ ತಂದರು.

ರೋಹಿಣಿ ಕಡೆಗೆ ಹೆಗಡೆಯವರ ಹೆಂಡತಿ ಸೀತಮ್ಮನ ಹತ್ತಿರ ಹೋಗಿ ಹಿತ್ತಿಲ ಬಾಗಿಲಲ್ಲಿ ನಿಂತು ಅತ್ತಳು.

"ಅಮ್ಮಾ, ನೀವಾದ್ರೂ ಒಂದು ಮಾತು ಹೇಳಿ. ಹತ್ತು ವರ್ಷ ಅಂದ್ರೆ ನಾವು ಬದುಕೂದು ಹ್ಯಾಂಗೆ?"

ಸೀತಮ್ಮ ಒಲೆಯ ಮೇಲೆ ಕುದಿಯುತ್ತಿದ್ದ ಚಹಾವನ್ನು ಲೋಟಕ್ಕೆ ಸೋಸಿ ಪಕ್ಕಕ್ಕಿಟ್ಟರು. ಆಮೇಲೆ ಜಗಲಿಯ ಕಡೆ ಮುಖ ಮಾಡಿ ಕೂಗಿದರು, "ಇವತ್ತು ಚಾ ಬ್ಯಾಡ, ಕಷಾಯ ಕುಡೀರಿ. ಅದೇ ಒಳ್ಳೇದು."

"ಯಾರು ಹೇಳಿದ್ದು ಒಳ್ಳೇದು ಹೇಳಿ? ಎನಗೆ ಚಾನೇ ಆಗವು!" ಜಗಲಿ ಗುಡುಗಿತು.

ಸೀತಮ್ಮ ಸಿದ್ಧವಾಗಿದ್ದ ಲೋಟವನ್ನು ಒಯ್ದು ಕೊಟ್ಟು ಬಂದರು. "ಕಂಡ್ಯ? ತಾಳಮದ್ದಳೆ ಅರ್ಥ ಹೇಳಿ ಹೇಳಿ ಅವರಿಗೆ ಅದೇ ಚಾಳಿ ಆಗೋಜು. ಎದುರಿನವರು ಹೌದು ಅಂದ್ರೆ ಇವರದ್ದು ಅಲ್ಲ. ಕೇಸು ಈಗ ಅವರ ಕೈಲೂ ಇಲ್ಲೆ, ಸರ್ಕಾರದ್ದು. ಆದ್ರೆ ಬಾಯಿ ಅವರದ್ದೇ ಅಲ್ದಾ? ನಿನ್ನ ವಕೀಲಮ್ಮಂಗೆ ಹೇಳು."

"ನೀವು ಹೀಂಗೇ ಸಂಸಾರ ಮಾಡ್ದ್ರಾ ಅಮ್ಮಾ?"

"ಎಲ್ಲದಕ್ಕೂ ಹೀಂಗೇ. ಹೇರೂರಿನ ಅಪ್ಪನ ಮನೆಗೆ ಮಾತ್ರ ಹೋಗದೇ ರಾಶಿ ವರ್ಷ ಆತು." ಸೀತಮ್ಮ ಸೆರಗಿನಿಂದ ಕೈ ಒರೆಸಿಕೊಂಡರು. "ಅಲ್ಲಿಗೆ ಹೋಗ್ತಿಲ್ಲೆ ಹೇಳಿ ಸುಳ್ಳು ಹೇಳಲೆ ಬಾಯಿ ಬರ್ತಿಲ್ಲೆ. ಹೋಗವು ಹೇಳೇ ಕೇಳ್ತೆ, ಅವರು ಬ್ಯಾಡ ಹೇಳ್ತ. ಅದಕ್ಕೇ ಆಗ್ತಿಲ್ಲೆ."

ಶಿರಸಿಯ ನ್ಯಾಯಾಲಯದಲ್ಲಿ ಹೆಗಡೆಯವರು ಸಾಕ್ಷಿಕಟ್ಟೆಯನ್ನು ರಂಗಸ್ಥಳದಂತೆ ಏರಿದರು. ಶಾಲು ಸರಿಮಾಡಿಕೊಂಡರು, ಗಂಟಲೂ ಸರಿಮಾಡಿಕೊಂಡರು. ಸರ್ಕಾರಿ ವಕೀಲರು ಕೇಳಿದ್ದಕ್ಕೆಲ್ಲ, ನೌಕೆ ಹೌದು, ಡೆಕ್ಕು ಹೌದು ಎಂದು ಮೊಳಗಿದರು. ಪಾಟೀಸವಾಲಿಗೆ ಸಂಹಿತಾ ಎದ್ದಳು. ರೋಹಿಣಿ ಹಿಂದಿನ ಬೆಂಚಿನ ಅಂಚಿಗೆ ಸರಿದು ಕೂತಳು.

"ಮಾನ್ಯರೇ, ಸಾಕ್ಷಿ ಹೇಳಿದ್ದನ್ನು ನಾನು ಪೂರ್ತಿ ಒಪ್ಪುತ್ತೇನೆ," ಎಂದಳು ಸಂಹಿತಾ. "ಒಪ್ಪುವುದೇನು, ಅವರು ಕಡಿಮೆಯೇ ಹೇಳಿದರು. ಇಂಥ ನೌಕೆ ಕಾರವಾರದ ಬಂದರಿನಲ್ಲೂ ಇರಲಿಕ್ಕಿಲ್ಲ. ಹೆಗಡೆಯವರೇ, ಆ ಡೆಕ್ಕಿನ ಮೇಲೆ ಆನೆ ನಡೆದರೂ ಅಲುಗದು, ಹೌದಲ್ಲವೇ?"

ಸರ್ಕಾರಿ ವಕೀಲರು ತಲೆಯೆತ್ತಿದರು. ಎದುರು ಪಕ್ಷ ತಮ್ಮ ಕೆಲಸ ಮಾಡುವುದನ್ನು ಅವರು ಸೇವೆಗೆ ಸೇರಿದ ಮೇಲೆ ಕಂಡಿರಲಿಲ್ಲ. ಹೆಗಡೆಯವರ ಹುಬ್ಬು ಮಾತ್ರ ಗಂಟಿಕ್ಕಿತು. ತಮ್ಮ ದೋಣಿಯನ್ನು ತಮಗಿಂತ ಚೆನ್ನಾಗಿ ಇನ್ನೊಬ್ಬರು ಹೊಗಳುವುದೆಂದರೇನು?

"ಆನೆ ಎಂಬುದು ಅತಿಶಯೋಕ್ತಿ," ಎಂದರು.

"ಇಲ್ಲ ಹೆಗಡೆಯವರೇ, ಒಂದು ಹನಿ ನೀರು ಇಳಿಯದ ಡೆಕ್ಕು ಅದು."

"ನೀರು ಇಳಿಯದೆ!" ಹೆಗಡೆಯವರು ಕಟ್ಟೆಯನ್ನು ಗುದ್ದಿದರು. "ದಬ್ಬೆಯ ಸಂದಿಯಲ್ಲಿ ಬೆಕ್ಕಿನ ಕಾಲು ಸಿಕ್ಕಿಹಾಕಿಕೊಳ್ಳುತ್ತದೆ, ನೀರು ಇಳಿಯುವುದಿಲ್ಲವೇ? ಡೆಕ್ಕು ಎಂದರೆ ಏನೆಂದು ತಿಳಿದಿದ್ದೀರಿ? ನೌಕೆಯ ಒಡಲನ್ನು ಮುಚ್ಚುವುದು ಡೆಕ್ಕು. ನಾನು ಹಾಸಿದ್ದು ಕುರ್ಚಿ ಇಡಲು ಒಂದು ಅಟ್ಟ!"

"ಇಪ್ಪತ್ತು ಟನ್ ಹೊರುತ್ತಿತ್ತಲ್ಲ?"

"ಯಾವ ಮೂರ್ಖ ಹೇಳಿದ? ನಮ್ಮ ಮನೆಯ ಅಕ್ಕಿಮೂಟೆಗಳನ್ನು ಹೇರಿದರೆ ಹೊಳೆಯ ತಳ ಸೇರುತ್ತದೆ. ನೌಕೆಯಂತೆ ನೌಕೆ! ಅದು ದೋಣಿ. ಅದೂ ಹಳೆಯ ದೋಣಿ!"

ಸರ್ಕಾರಿ ವಕೀಲರು ಎದ್ದು, ಸಾಕ್ಷಿ ಪ್ರತಿಕೂಲವಾಗಿದ್ದಾರೆ ಎಂದು ಘೋಷಿಸಬೇಕೆಂದು ಬೇಡಿದರು. ದೂರು ಕೊಟ್ಟವರೇ ದೂರಿಗೆ ಪ್ರತಿಕೂಲ. ಹೆಗಡೆಯವರಿಗೆ ಅದು ಬಿರುದಿನಂತೆ ಕೇಳಿಸಿತು. ಇನ್ನಷ್ಟು ಹುಮ್ಮಸ್ಸಿನಿಂದ, ಆ ದೋಣಿಯ ಉಳಿದ ದೋಷಗಳನ್ನೂ ನಿರೂಪಿಸಿ ಕಟ್ಟೆಯಿಂದ ಇಳಿದರು. ರೋಹಿಣಿ ಸೆರಗು ಬಾಯಿಗೆ ತುರುಕಿಕೊಂಡಿದ್ದಳು, ನಗುವೋ ಅಳುವೋ ಅವಳಿಗೇ ಗೊತ್ತಿರಲಿಲ್ಲ.

ಹಡಗಿನ ಸೆಕ್ಷನ್ ನಿಲ್ಲದು, ಇದು ಬರೀ ದೋಣಿಯ ಪ್ರಕರಣ ಎಂದರು ನ್ಯಾಯಾಧೀಶರು, ದೂರುದಾರರು ಒಪ್ಪಿದರೆ ರಾಜಿ ಆಗಬಹುದು ಎಂದೂ ಸೇರಿಸಿದರು. ಮೊಗಸಾಲೆಗೆ ಬಂದ ಹೆಗಡೆಯವರಿಗೆ ಅಷ್ಟು ಹೊತ್ತಿಗೆ ತಾವು ಏನು ಗೆದ್ದೆವು ಎಂಬುದು ನಿಧಾನವಾಗಿ ಹೊಳೆಯತೊಡಗಿತ್ತು. ಮುಖ ಕಪ್ಪಿಟ್ಟಿತು. ಗಂಡನ ಜೊತೆ ಕೋರ್ಟಿಗೆ ಬಂದಿದ್ದ ಸೀತಮ್ಮ ಥಟ್ಟನೆ ಮುಂದೆ ಬಂದರು.

"ರಾಜಿ ಗೀಜಿ ಎಂತೂ ಮಾಡ್ಕಳಡಿ. ಯಾರು ಕಾಲು ಹಿಡಿದ್ರೂ ಬ್ಯಾಡ."

"ಕೇಸು ಯಾರದ್ದು? ಎನ್ನದ್ದು! ಆನು ರಾಜಿ ಮಾಡ್ತೆ. ಆ ಸರಪಳಿನೂ ಬಿಚ್ತೆ. ಯಾರು ತಡೀತ ನೋಡ್ತೆ!" ಎಂದು ಹೆಗಡೆಯವರು ಸಂಹಿತಾಳ ಕೈಯಿಂದ ಪೆನ್ನು ಕಿತ್ತುಕೊಂಡರು.

ಮನೋಹರ ಅಲ್ಲೇ ನೆಲದ ಮೇಲೆ ಕುಸಿದು ಕೂತ. ರೋಹಿಣಿ ಸೀತಮ್ಮನ ಮುಖ ನೋಡಿದಳು. ಅಲ್ಲಿ ಗೆಲುವಿನ ಸುಳಿವೂ ಇರಲಿಲ್ಲ. ಬೇಕಾದ್ದನ್ನೆಲ್ಲ ಬೇಡ ಎಂದೇ ಬದುಕಿದ ಹೆಂಗಸಿನ ದಣಿವು ಇತ್ತು. ರೋಹಿಣಿಗೆ ಸಿಟ್ಟು ಬಂತು. ನೇರ ಹೋಗಿ ಹೆಗಡೆಯವರ ಎದುರು ನಿಂತಳು.

"ಹೆಗಡೇರೆ, ನಿಮ್ಮ ಉಪಕಾರ ಮರೆಯೂದಿಲ್ಲ. ಇನ್ನೊಂದು ಮಾತು. ಅಮ್ಮ ಹೇರೂರಿಗೆ ಹೋಗೂದೇ ಬ್ಯಾಡ. ಈ ವಯಸ್ಸಲ್ಲಿ ತವರುಮನೆ ಎಂತಕ್ಕೆ? ನೀವು ಕಳಿಸದೇ ಇದ್ದದ್ದೇ ಸರಿ."

"ಹೇಳೂಕೆ ನೀ ಯಾರೇ?" ಹೆಗಡೆಯವರು ಕೆರಳಿದರು. "ಅವಳ ಅಪ್ಪನ ಮನೆ ಅದು. ನಾಳೆನೇ ಹೋಗ್ತಾಳೆ. ಬೇಕಾದಷ್ಟು ದಿನ ಇರ್ತಾಳೆ!"

ಸೀತಮ್ಮ ಗೋಡೆಯ ಕಡೆಗೆ ತಿರುಗಿದರು. ರೋಹಿಣಿ ಹತ್ತಿರ ಹೋದಾಗ ಅವರ ಹೆಗಲು ಅಲುಗುತ್ತಿತ್ತು.

"ಬಟ್ಟೆ ಕಟ್ಟಿಡಿ ಅಮ್ಮಾ," ಎಂದಳು ಮೆಲ್ಲಗೆ. "ಬೆಳಿಗ್ಗೆ ನಮ್ಮ ದೋಣಿ ತರ್ತೇವೆ."