ಹಗೇವಿನೊಳಗೆ ಇಬ್ಬರು

ಮರೋಳದ ಶಿವಬಸವ್ವ ಊರಾಚೆಯ ಹಾಳುವಾಡೆಯ ಹಿತ್ತಲಿಗೆ ಹೋದದ್ದು ಒಣಕಟ್ಟಿಗೆ ಆರಿಸಲಿಕ್ಕೆ. ೧೯೫೪ರ ಚಳಿಗಾಲ, ಜೋಳ ಇನ್ನೂ ಹೊಲದಲ್ಲಿತ್ತು. ಆ ಹಿತ್ತಲಲ್ಲಿ ಹಿಂದಿನವರು ನೆಲದಡಿ ಕಾಳು ತುಂಬಿಡುತ್ತಿದ್ದ ಹಗೇವೊಂದಿದೆ ಎಂಬುದು ಊರಿಗೇ ಮರೆತುಹೋಗಿತ್ತು. ಕಾಲಕೆಳಗಿನ ಹುಲ್ಲು ಕುಸಿದದ್ದಷ್ಟೇ ಅವಳಿಗೆ ಗೊತ್ತು. ಕಣ್ಣು ಬಿಟ್ಟಾಗ ಎರಡಾಳು ಆಳದ ಗುಂಡಿಯ ತಳದಲ್ಲಿದ್ದಳು. ಎಡಗಾಲು ಮಡಚಿ ಬಿದ್ದಿತ್ತು, ಎತ್ತಲು ಬರಲಿಲ್ಲ.

ಮೂಗಿಗೆ ಕೊಳೆತ ಮಾಂಸದಂಥ ನಾತ ಬಡಿಯಿತು. ಎದುರಿನ ಗೋಡೆಯ ಬದಿಗೆ ಕತ್ತೆಕಿರುಬವೊಂದು ನಿಂತಿತ್ತು. ಮೈಮೇಲೆ ಕರಿಯ ಪಟ್ಟೆ, ಬೆನ್ನಿನ ಕೂದಲು ನೆಟ್ಟಗೆ. ಅದೂ ಹೀಗೇ ಬಿದ್ದಿರಬೇಕು. ಗೋಡೆಯ ತುಂಬ ಉಗುರಿನಿಂದ ಕೆರೆದ ಗುರುತು. ಶಿವಬಸವ್ವ ಉಸಿರು ಬಿಗಿಹಿಡಿದಳು. ಅವಳು ಅಲುಗದಿರುವುದನ್ನು ಕಂಡು ಬಹಳ ಹೊತ್ತಿನ ಮೇಲೆ ಅದು ನೆರಳಿಗೆ ಸರಿದು, ಮುಂಗಾಲ ಮೇಲೆ ಮೋರೆಯಿಟ್ಟು ಮಲಗಿತು.

ವರ್ಷಗಟ್ಟಲೆ ಗಂಡನ ಜೊತೆ ಹೊಲ ಕಾಯ್ದವಳು ಅವಳು. ಬಿಸಿಲಲ್ಲಿ ಕಿರುಬ ತಿರುಗುವುದಿಲ್ಲ, ದನ ಮನೆ ಸೇರಿ ದೀಪ ಹಚ್ಚುವ ಹೊತ್ತಿಗೆ ಏಳುತ್ತದೆ ಎಂದು ಬಲ್ಲಳು. ಹೊತ್ತು ಮುಳುಗುವತನಕ ಜೀವವುಂಟು ಎಂದುಕೊಂಡಳು. ಕೂಗಿದರೆ ಅದು ಈಗಲೇ ಎದ್ದೀತು. ಕೂಗದಿದ್ದರೆ ಯಾರಿಗೂ ತಿಳಿಯುವುದಿಲ್ಲ, ಸಂಜೆ ಹೇಗೂ ಆಗುತ್ತದೆ. ಮೇಲಿಂದ ಬಿದ್ದ ಬಿಸಿಲು ಗೋಡೆ ಹತ್ತುತ್ತ ಹೋಯಿತು. ಗಂಟಲು ಒಣಗಿತು. ಕೆಮ್ಮು ಬಂದಾಗ ಸೆರಗು ಕಚ್ಚಿಕೊಂಡಳು. ಬಸವಣ್ಣನನ್ನು ನೆನೆದಳು, ತುಟಿ ಮಾತ್ರ ಅಲುಗಿಸಲಿಲ್ಲ.

ಬಿಸಿಲು ಮೇಲಂಚಿಗೆ ಬಂದಾಗ ಕಿರುಬ ಕಿವಿ ನಿಮಿರಿಸಿತು, ಎದ್ದು ಮೈ ಮುರಿಯಿತು. ಆಗಲೇ ಮೇಲೆ ಆಡುಗಳ ಸಪ್ಪಳ ಕೇಳಿಸಿತು. ಊರಿನ ಆಡು ಕಾಯುವ ಯಾಕೂಬಸಾಬ ತನ್ನ ಮಂದೆ ಹೊಡೆದುಕೊಂಡು ಮನೆಗೆ ಹೊರಟಿದ್ದ. ಇನ್ನು ಕಾಯುವಂತಿರಲಿಲ್ಲ. ಶಿವಬಸವ್ವ ಇದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದಳು.

ಕಿರುಬ ಮೈಮೇಲೆ ಬರಲಿಲ್ಲ. ಹಿಂದೆ ಸರಿದು ಗೋಡೆಗೆ ಒತ್ತಿಕೊಂಡು ಗಡಗಡ ನಡುಗಿತು. ಆಗ ಅದರ ಹೊಟ್ಟೆ ಕಾಣಿಸಿತು. ಮೊಲೆಗಳು ಹಾಲು ತುಂಬಿ ಬಿಗಿದಿದ್ದವು. ಎಲ್ಲೋ ಗವಿಯಲ್ಲಿ ಮರಿಗಳು ಹಸಿದಿರಬೇಕು.

ಯಾಕೂಬಸಾಬ ಊರಿಗೆ ಓಡಿದ. ಗಂಡ ರಾಚಪ್ಪ ಮಂದಿ ಕರೆದುಕೊಂಡು ಬಂದ. ಹಗ್ಗ ಇಳಿಬಿಟ್ಟು ಅವಳನ್ನು ಮೇಲೆಳೆದುಕೊಂಡರು. ಅವಳು ಹೊರಬಂದದ್ದೇ ತಡ, ಉಳಿದವರು ಕಲ್ಲು, ಈಟಿ ಹಿಡಿದು ಸುತ್ತ ನೆರೆದರು. ಶಿವಬಸವ್ವ ಕಾಲೆಳೆದುಕೊಂಡು ಹೋಗಿ ಹಗೇವಿನ ಬಾಯಿಗೆ ಅಡ್ಡ ಕೂತಳು.

“ಬಾಣಂತಿ ಐತಿ ಅದು. ಇಡೀ ಹಗಲ ನನ್ನ ಮುಟ್ಟಲಿಲ್ಲ. ಒಂದ ದಿಮ್ಮಿ ಇಳಿಬಿಟ್ಟು ನಡೀರಿ.”

“ನಾಳೆ ಕೂಸು ಹೊತ್ತೊಯ್ದ್ರ ಯಾರ ಹೊಣಿ?” ಎಂದು ಗುಂಪಿನಲ್ಲೊಬ್ಬ ಕೇಳಿದ.

“ನಾ ಹೊಣಿ,” ಅಂದಳು.

ರಾಚಪ್ಪ ಬೈದ, ಮನೆಗೆ ನಡೆ ಎಂದು ಗದರಿದ. ನೋವಿಗೆ ಕಣ್ಣು ಕತ್ತಲಿಟ್ಟರೂ ಅವಳು ಏಳಲಿಲ್ಲ. ಕೊನೆಗೆ ಯಾಕೂಬಸಾಬ ಹೋಗಿ, ಅಲ್ಲೇ ಉರುಳಿಬಿದ್ದಿದ್ದ ಬೇವಿನ ದಿಮ್ಮಿಯ ಒಂದು ತುದಿ ಎತ್ತಿದ. ರಾಚಪ್ಪ ಇನ್ನೊಂದು ತುದಿಗೆ ಕೈ ಹಚ್ಚಿದ. ಇಬ್ಬರೂ ಅದನ್ನು ಓರೆಯಾಗಿ ಇಳಿಬಿಟ್ಟರು. ಮಂದಿ ಗೊಣಗುತ್ತ ಚದುರಿದರು. ಮರುದಿನ ಬೆಳಿಗ್ಗೆ ಹಗೇವು ಬರಿದಾಗಿತ್ತು.

ಕೂಸುಗಳಿಗೇನೂ ಆಗಲಿಲ್ಲ. ಆದರೆ ಆ ಬೇಸಿಗೆಯಲ್ಲಿ ಒಬ್ಬರ ಹಟ್ಟಿಯಿಂದ ಎರಡು ಕುರಿಮರಿ ಹೋದವು. ತೋಳ ಒಯ್ದಿತೋ ಕಿರುಬವೋ, ನೋಡಿದವರಿಲ್ಲ. ಬೈಗುಳ ಮಾತ್ರ ಶಿವಬಸವ್ವನ ಬಾಗಿಲಿಗೇ ಬಂತು. ಅವಳು ತನ್ನ ಅಂಗಳದ ಎರಡು ಮರಿ ಬಿಚ್ಚಿ ಕೊಟ್ಟಳು. ಅಂದು ರಾಚಪ್ಪ ಉಣ್ಣಲಿಲ್ಲ. ಬಾವಿಕಟ್ಟೆಯಲ್ಲಿ ಹೆಂಗಸರು ಅವಳನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಎಲ್ಲರೂ ನೀರು ಸೇದಿಕೊಂಡು ಹೋಗುವತನಕ ಮನೆಯೊಳಗೇ ಕಾದಿದ್ದು, ಆಮೇಲೆ ಒಬ್ಬಳೇ ಕುಂಟುತ್ತ ಕೊಡ ಹಿಡಿದು ಹೋಗುವುದು ಅವಳಿಗೆ ರೂಢಿಯಾಯಿತು.