ಕಿವಿ ಡಾಕ್ಟರ ಸರದಿ

ಸೊರಟೂರಿನ ಫಕ್ಕೀರವ್ವನಿಗೆ ಹುಟ್ಟಿನಿಂದಲೇ ಕಣ್ಣಿಲ್ಲ. ಮನೆಯ ಹಿಟ್ಟಿನ ಗಿರಣಿಯ ಸದ್ದು ಬಲಗಿವಿಯನ್ನು ಎಂದೋ ನುಂಗಿತ್ತು. ಈಗ ಎಡಗಿವಿಯೂ ಮಂದವಾಗತೊಡಗಿತ್ತು. ಅದೊಂದೂ ಹೋದರೆ ತನಗೆ ಉಳಿಯುವುದೇನು ಎಂಬ ಹೆದರಿಕೆಯಲ್ಲಿ ಗದಗಿಗೆ ಬಂದಿದ್ದಳು. ಹುಬ್ಬಳ್ಳಿಯ ಕಿವಿ ಡಾಕ್ಟರು ಅಲ್ಲಿಗೆ ಬರುವುದು ತಿಂಗಳಿಗೊಮ್ಮೆ.

ಆ ದವಾಖಾನೆಯಲ್ಲಿ ಹೆಸರು ಕೂಗುವುದನ್ನು ಬಿಟ್ಟಿದ್ದರು. ಬರುವವರೆಲ್ಲ ಕಿವುಡರು; ಕೂಗಿ ಕೂಗಿ ಕಂಪೌಂಡರ್ ಲಾಡಸಾಬನ ಗಂಟಲು ಹರಿದಿತ್ತು. ಹಾಗಾಗಿ ಆ್ಯಪ್ ಬಂತು. ಸರದಿ ಬಂದಾಗ ಮೊಬೈಲ್ ಪರದೆಯ ಮೇಲೆ 'ಒಳಗೆ ಬನ್ನಿ' ಎಂದು ಮೂಡಿ, ತುಸು ಹೊತ್ತಿಗೆ ಅಳಿಸಿಹೋಗುತ್ತಿತ್ತು. ಫಕ್ಕೀರವ್ವನ ಫೋನು ಬೆರಳಿಟ್ಟದ್ದನ್ನೆಲ್ಲ ಓದಿ ಹೇಳುತ್ತದೆ, ಖರೆ. ತಾನಾಗಿ ಮೂಡಿದ್ದನ್ನೂ ಅದು ಹೇಳಬೇಕಾದರೆ ಆ್ಯಪ್ ಮಾಡಿದವರು ಹಾಗೆಂದು ತಾಕೀತು ಮಾಡಿರಬೇಕು. ಯಾರೂ ಮಾಡಿರಲಿಲ್ಲ. ಪಕ್ಕದವರನ್ನು ಕೇಳೋಣವೆಂದರೆ ಕಿವುಡನ ಮುಂದೆ ಕಿನ್ನರಿ ಬಾರಿಸಿದಂತೆ. ಡಾಕ್ಟರ ಕಾರು ಹೊರಟ ಸದ್ದು ಬಂದಾಗಲೇ ತನ್ನ ಸರದಿ ದಾಟಿತೆಂದು ಅವಳಿಗೆ ಗೊತ್ತಾದದ್ದು.

"ನಿಮ್ಮ ನಂಬರ ಬಂದಿತ್ತಲ್ರಿ ಅಕ್ಕಾ, ನೋಡ್ಲಿಲ್ಲೇನ್ರಿ?" ಎಂದ ಲಾಡಸಾಬ.

"ನೋಡಾಕ ಕಣ್ಣ ಎಲ್ಲಿಂದ ತರ್ಲೆಪಾ? ಕಿವುಡ್ರಿಗೆ ಅನುಕೂಲ ಮಾಡಾಕ ಹೋಗಿ ಈ ಕುರುಡಿನ್ನ ಮರತ್ರಿ!"

ಆ್ಯಪ್ ಮಾಡಿದ ಹುಡುಗಿ ಶೀತಲ್‌ಳಿಗೆ ಅಲ್ಲಿಂದಲೇ ಫೋನು ಹಚ್ಚಿಸಿ ಮುಖಕ್ಕೆ ಮಂಗಳಾರತಿ ಎತ್ತಿದಳು. ಶೀತಲ್ ಕೆಟ್ಟವಳಲ್ಲ, ಸರಿ ಮಾಡುತ್ತೇನೆಂದಳು, ಮಾಡಿದಳು ಕೂಡ. ಮುಂದಿನ ತಿಂಗಳು, ಯಾರ ನಂಬರು ಸರಿದರೂ ಫೋನು ಗಳಿಗೆಗೊಮ್ಮೆ "ಪರದೆ ಬದಲಾಗಿದೆ" ಎಂದು ಒದರಿತು. ಏನು ಬದಲಾಯಿತೋ ಅದನ್ನು ಮಾತ್ರ ಹೇಳಲೊಲ್ಲದು! ಒದರಿದಾಗೊಮ್ಮೆ ಫಕ್ಕೀರವ್ವ ಎದ್ದು ಬಾಗಿಲಿಗೆ ಹೋದಳು, ಬೈಸಿಕೊಂಡು ವಾಪಸು ಬಂದಳು. ಬೇಸತ್ತು ಕುಳಿತಾಗಲೇ ಅವಳ ಸರದಿ ದಾಟಿಹೋಯಿತು.

"ಬದಲಾಗೇತಂತ! ನನ್ನ ಹಣೆಬರಹ ಒಂದ ಬದಲಾಗವಲ್ದು," ಎಂದು ಅತ್ತೇಬಿಟ್ಟಳು.

ಮೂರನೆಯ ತಿಂಗಳು ಶೀತಲ್ ಅದನ್ನೂ ಸರಿಪಡಿಸಿ, ತಾನೇ ಬಂದು ಪಕ್ಕದಲ್ಲಿ ಕುಳಿತಳು. ಅಷ್ಟರಲ್ಲಿ ಕಿವಿ ಇನ್ನೂ ಮಂದವಾಗಿತ್ತು. ಒತ್ತಿ ಹಿಡಿದರೆ ಕೇಳುತ್ತದೆ ಎಂಬ ಧೈರ್ಯದಲ್ಲಿ ಫಕ್ಕೀರವ್ವ ಫೋನನ್ನು ಎಡಗಿವಿಗೆ ಹಚ್ಚಿಕೊಂಡು ಕಾದಳು. ಹೊತ್ತಾಯಿತು. ಸಿಟ್ಟು ನೆತ್ತಿಗೇರಿತು.

"ಈ ಸಲಾನೂ ಇದು ಬಾಯಿ ಬಿಡವಲ್ದಲ್ಲ ತಂಗಿ!"

ಆಗ ಶೀತಲ್ ಅವಳ ಮುಂಗೈ ಹಿಡಿದಳು. ಕೆನ್ನೆಗೆ ಒತ್ತಿದ ಫೋನು ಸಣ್ಣಗೆ ನಡುಗುತ್ತಿರುವುದು ಫಕ್ಕೀರವ್ವನ ಗಮನಕ್ಕೆ ಬಂದದ್ದು ಆಗಲೇ. ಅದು ಎಷ್ಟು ಹೊತ್ತಿನಿಂದ ಮಾತಾಡುತ್ತಿತ್ತೋ.

"ಒದರಾಕತ್ತೈತೇನು?" ಎಂದು ಮೆಲ್ಲಗೆ ಕೇಳಿದಳು.

ಶೀತಲ್ ಏನೋ ಹೇಳಿರಬೇಕು. ಕೈ ಹಿಡಿದು ಎಬ್ಬಿಸಿ ಒಳಗೆ ಕರೆದೊಯ್ದಳು.