ಲಗ್ನದ ಕ್ಯಾಸೆಟ್ಟು

ಖಾಜಾಮಿಯಾ ಕ್ಯಾಸೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು, "ಬಿಳೀ ಬೂಸು ಹಿಡದದಂದ್ರಲ್ಲ, ಎಲ್ಲದ್ರಿ ಅಕ್ಕೋರ? ರೀಲು ಗಾಜಿನಂಗ ಮಿಂಚಾಕತ್ತದ," ಎಂದ.

ಸುಂದ್ರಮ್ಮನ ಮುಖ ಅರಳಿತು. ಯಾದಗಿರಿಯಲ್ಲಿ ಹಳೇ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಡುವ ಅಂಗಡಿ ಅವನದೊಂದೇ. ಪಕ್ಕದಲ್ಲಿದ್ದ ಅವಳ ತಮ್ಮ ಮರಿಲಿಂಗ ಮಾತ್ರ ಕೂತಲ್ಲಿ ಕೂರಲಿಲ್ಲ. ಎದ್ದು ಬಾಗಿಲಿಗೆ ಹೋದ, ಆಟೋಗಳನ್ನು ನೋಡಿದ, ಮತ್ತೆ ಬಂದು ಕೂತ. ಶಹಾಪುರದಿಂದ ಬರುವಾಗ ಬಸ್ಸಿನಲ್ಲೂ ಮೂರು ಸಲ ಸೀಟು ಬದಲಿಸಿದ್ದ.

"ಯಾಕೋ, ಹೊಟ್ಟಿ ಕೆಟ್ಟಾದೇನು?"

"ಇಲ್ಲಕ್ಕ, ಸೆಕಿ."

ಸೆಕೆಯೂ ಅಲ್ಲ, ಹೊಟ್ಟೆಯೂ ಅಲ್ಲ. ಇಪ್ಪತ್ತೆಂಟು ವರ್ಷದ ಹಿಂದಿನ ಒಂದು ಸುಳ್ಳು ಅವನನ್ನು ಕುಟುಕುತ್ತಿತ್ತು. ಆಗ ಶಹಾಪುರದಲ್ಲಿ ಕೇಬಲ್ ಎಂದರೆ ಮರಿಲಿಂಗ. ಯಾರ ಲಗ್ನವಾದರೂ ಕ್ಯಾಸೆಟ್ಟು ಮೊದಲು ಅವನ ಕಂಟ್ರೋಲ್ ರೂಮಿಗೆ ಬರುತ್ತಿತ್ತು. ರವಿವಾರ ಮಧ್ಯಾಹ್ನ ಅದನ್ನು ಲೋಕಲ್ ಚಾನಲ್ಲಿಗೆ ಹಾಕಿದರೆ, ಊರಿಗೆ ಊರೇ ಕೂತು ಯಾರು ಎಷ್ಟು ಹೋಳಿಗೆ ತಿಂದರೆಂದು ನೋಡುತ್ತಿತ್ತು. ಅಕ್ಕನ ಲಗ್ನದ್ದೂ ಹಾಗೇ ಬಂತು. ಅದರಲ್ಲಿ ಅವ್ವ ಸೋಬಾನ ಹಾಡಿದ್ದಳು.

ಆ ದಿನಗಳಲ್ಲಿ ಅವನಿಗೊಂದು ಹುಚ್ಚು ಹತ್ತಿತ್ತು. ನಡುರಾತ್ರಿ ಪಿಕ್ಚರು ಮುಗಿಸಿ ಡಿಶ್ ತಿರುಗಿಸಿದರೆ ಬ್ರಿಟಿಷ್ ಟೀವಿಯ ಲೈವ್ ಹಾಡಿನ ಕಾರ್ಯಕ್ರಮ ಸಿಗುತ್ತಿತ್ತು. ಬರೀ ತುಟಿ ಆಡಿಸುವ ಮೋಸ ಅಲ್ಲಿರಲಿಲ್ಲ. ಡ್ರಮ್ಮು ಬಡಿಯುವವನ ಬೆವರು ಕಾಣುತ್ತಿತ್ತು, ತಾಳ ತಪ್ಪಿದ ಹುಡುಗಿ ನಕ್ಕು ಮತ್ತೆ ಹಿಡಿಯುತ್ತಿದ್ದಳು. ಒಂದು ಮಾತೂ ತಿಳಿಯದಿದ್ದರೂ ಮರಿಲಿಂಗನ ಮೈ ಜುಮ್ಮೆನ್ನುತ್ತಿತ್ತು. ಅಂಥದೊಂದು ರಾತ್ರಿ ಅದನ್ನು ತುಂಬಿಕೊಳ್ಳಲು ಖಾಲಿ ಕ್ಯಾಸೆಟ್ಟು ಇರಲಿಲ್ಲ. ಊರೆಲ್ಲ ನೋಡಿ ಆಯಿತು, ಅವ್ವ ಮನೆಯಲ್ಲೇ ಇದ್ದಾಳಲ್ಲ ಎಂದುಕೊಂಡು ಅಕ್ಕನದನ್ನೇ ತುರುಕಿದ.

ಆರು ತಿಂಗಳಿಗೆ ಅವ್ವ ತೀರಿಕೊಂಡಳು. ಅಕ್ಕ ಕ್ಯಾಸೆಟ್ಟು ಕೇಳಿದಾಗ "ಬೂಸು ಹಿಡದದ" ಎಂದುಬಿಟ್ಟ. ಅಂದಿನಿಂದ ಅದನ್ನು ಬಿಸಾಡಲೂ ಆಗದೆ, ಹಾಕಿ ನೋಡಲೂ ಆಗದೆ ಟ್ರಂಕಿನಲ್ಲಿಟ್ಟಿದ್ದ. ಮೊನ್ನೆ ಅಕ್ಕನೇ ಹುಡುಕಿ ತೆಗೆದಳು. ಮಗಳು ದೇವಿಕಾಳ ಲಗ್ನದಲ್ಲಿ ಅಜ್ಜಿಯ ಹಾಡು ಹಾಕಿಸಬೇಕಂತೆ.

ಖಾಜಾಮಿಯಾ ಕ್ಯಾಸೆಟ್ಟಿನ ಅಂಚು ಸವರಿದ. "ಲಗ್ನದ ಕ್ಯಾಸೆಟ್ಟಿಗೆ ಶೂಟಿಂಗ್‌ನವ್ರು ಇಲ್ಲಿಂದು ಪ್ಲಾಸ್ಟಿಕ್ ಚೂರು ಮುರದು ಕೊಡ್ತಿದ್ರು, ಮ್ಯಾಲ ಮತ್ತ್ಯಾರೂ ರಿಕಾರ್ಡ್ ಮಾಡಬಾರ್ದಂತ. ಇಲ್ಲಿ ನೋಡ್ರಿ, ಆ ತೂತಿಗೆ ಅಂಟಿನ ಟೇಪ್ ಹಚ್ಯಾರ, ಮತ್ತ ರಿಕಾರ್ಡ್ ಆಗ್ಲಂತ. ತಿಳದವ್ರೇ ಹಚ್ಯಾರ."

ಸುಂದ್ರಮ್ಮ ತಮ್ಮನ ಕಡೆ ತಿರುಗಿದಳು. "ಯಾರು ಹಚ್ಯಾರೋ?"

ಕಂಟ್ರೋಲ್ ರೂಮಿನಲ್ಲಿ ಅವನ ಜತೆ ಸರದಾರಸಾಬ ಕೆಲಸ ಮಾಡುತ್ತಿದ್ದ. ಸತ್ತು ಹತ್ತು ವರ್ಷವಾಗಿತ್ತು. ಆ ಹೆಸರು ನಾಲಿಗೆಯ ತುದಿಗೆ ಬಂದೇ ಬಂತು. ಪಾಪ, ಸತ್ತವನು ಬಂದು ಇಲ್ಲವೆನ್ನುತ್ತಾನೆಯೇ? ಮರಿಲಿಂಗ ಎದ್ದ, ಕೂತ.

"ನಾನೇ ಹಚ್ಚೀನಕ್ಕ. ಬೂಸು ಹಿಡದಿರ್ಲಿಲ್ಲ, ಸುಳ್ಳು ಹೇಳಿದ್ದೆ. ಅದರ ಮ್ಯಾಲ ಇಂಗ್ಲೆಂಡ್ ಟೀವಿ ಹಾಡು ತುಂಬೀನಿ."

"ಅವ್ವನ ಹಾಡಿನ ಮ್ಯಾಲ?"

"ಹ್ಞೂಂ."

ಬೈದರೆ ಹಗುರಾದೇನು ಎಂದು ಕಾದ. ಅವಳು ಬೈಯಲಿಲ್ಲ.

"ಹಾಕಪ್ಪಾ, ನೋಡೂಣು," ಎಂದಳು ಖಾಜಾಮಿಯಾನಿಗೆ.

ಪರದೆಯ ಮೇಲೆ ಗೆರೆ ಕುಣಿದು ಚಿತ್ರ ನಿಂತಿತು. ಸಣಕಲು ಹುಡುಗನೊಬ್ಬ ಕಣ್ಣು ಮುಚ್ಚಿ ಹಾಡುತ್ತಿದ್ದ, ಹಿಂದೆ ಡ್ರಮ್ಮು. ಅಂದಿನ ಹಾಗೇ ಇತ್ತು. ಮರಿಲಿಂಗನ ಕಾಲು ಅವನನ್ನು ಕೇಳದೆ ತಾಳ ಹಾಕತೊಡಗಿತು. ನಾಚಿಕೆಯಾಗಿ ಅದನ್ನು ಇನ್ನೊಂದು ಕಾಲಿನಿಂದ ತುಳಿದು ಹಿಡಿದ.

"ತಳದಾಗ ಅವ್ವನ ದನಿ ಇರ್ತದೇನಪ್ಪಾ?"

"ಇಲ್ರಿ ಅಕ್ಕೋರ. ಹೊಸಾದು ತುಂಬಿದ್ರ ಹಳೇದು ಅಳಿಸೇ ಹೋಗ್ತದ."

ಹಾಡು ಮುಗಿಯಿತು. ಚಪ್ಪಾಳೆಯೂ ನಿಂತಿತು. ಮುಂದಿನ ಹಾಡಿನವರು ಇನ್ನೂ ಸುರು ಮಾಡಿರಲಿಲ್ಲ. ಸುಂದ್ರಮ್ಮ ಸ್ಟೂಲು ಎಳೆದುಕೊಂಡು, ತಲೆಯ ಮೇಲಿನ ಸೆರಗನ್ನು ಹಿಂದಕ್ಕೆ ಸರಿಸಿ, ಸ್ಪೀಕರಿಗೆ ಕಿವಿ ಹಚ್ಚಿದಳು.

"ಫ್ಯಾನ್ ಬಂದ್ ಮಾಡೋ," ಎಂದಳು.

ಮರಿಲಿಂಗ ಎದ್ದು ಫ್ಯಾನು ಬಂದ್ ಮಾಡಿದ.